ಲ್ಯಾಬ್‌ನಲ್ಲಿ ಫೈಲು ಸಿಗದಿದ್ದರೆ ಏನು ಮಾಡಬೇಕು?

ನಾಳೆ ಪ್ರಾಕ್ಟಿಕಲ್ ಪರೀಕ್ಷೆ ಎಂದುಕೊಳ್ಳಿ. ನಿನ್ನೆ ಲ್ಯಾಬ್‌ನ ಒಂದು ಕಂಪ್ಯೂಟರಿನಲ್ಲಿ ಬರೆದಿಟ್ಟ ಪ್ರೋಗ್ರಾಮನ್ನು ಇಂದು ಪಕ್ಕದ ಕಂಪ್ಯೂಟರಿನಲ್ಲಿ ತೆರೆಯುತ್ತೀರಿ. ಓದಲು ಬರುತ್ತದೆ, ತಿದ್ದಲು ಹೋದರೆ 'ಪರ್ಮಿಷನ್ ಡಿನೈಡ್' ಎನ್ನುತ್ತದೆ. ಗಾಬರಿಯಾಗಬೇಡಿ. ತಪ್ಪು ಎಲ್ಲಿದೆ ಎಂದು ಕ್ರಮವಾಗಿ ಹುಡುಕಿದರೆ ಸಿಕ್ಕೇ ಸಿಗುತ್ತದೆ.

ಲಿನಕ್ಸ್, ಯುನಿಕ್ಸ್ ಕಂಪ್ಯೂಟರುಗಳು ಫೈಲು ಹಂಚಿಕೊಳ್ಳಲು ಹೆಚ್ಚಾಗಿ ಬಳಸುವುದು ಎನ್‌ಎಫ್‌ಎಸ್, ಅಂದರೆ ನೆಟ್‌ವರ್ಕ್ ಫೈಲ್ ಸಿಸ್ಟಮ್. ಇದನ್ನು 1984ರಲ್ಲಿ ರೂಪಿಸಿದ್ದು ಸನ್ ಮೈಕ್ರೋಸಿಸ್ಟಮ್ಸ್. ಆ ಕಂಪನಿಯ ಸ್ಥಾಪಕರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ವಿನೋದ್ ಖೋಸ್ಲಾ ಒಬ್ಬರು. ಇದರಲ್ಲಿ ಫೈಲುಗಳು ಸರ್ವರ್‌ನಲ್ಲಿರುತ್ತವೆ. ಉಳಿದ ಕಂಪ್ಯೂಟರುಗಳು ಆ ಫೋಲ್ಡರನ್ನು ತಮ್ಮದೇ ಎಂಬಂತೆ ಜೋಡಿಸಿಕೊಳ್ಳುತ್ತವೆ. ಇದಕ್ಕೆ 'ಮೌಂಟ್' ಎನ್ನುತ್ತಾರೆ.

ಮೊದಲು ದಾರಿ ನೋಡಿ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯೇ ಮುಚ್ಚಿದ್ದರೆ ಬಸ್ಸನ್ನು ದೂರಿ ಫಲವಿಲ್ಲ. 'ಪಿಂಗ್' ಆದೇಶಕ್ಕೆ ಸರ್ವರ್ ಉತ್ತರ ಕೊಡದಿದ್ದರೆ ಕೇಬಲ್, ಸ್ವಿಚ್, ಐಪಿ ವಿಳಾಸ ಪರೀಕ್ಷಿಸಿ.

ಎರಡನೆಯದು ಬಾಗಿಲು. ಎನ್‌ಎಫ್‌ಎಸ್ ಬಳಸುವುದು 2049ನೇ ಪೋರ್ಟ್. 'ಕನೆಕ್ಷನ್ ರಿಫ್ಯೂಸ್ಡ್' ಎಂದರೆ ಸಾಮಾನ್ಯವಾಗಿ ಸರ್ವರ್‌ನಲ್ಲಿ ಸೇವೆ ಶುರುವಾಗಿಲ್ಲ. ಉತ್ತರವೇ ಬರದೆ ಕಾಯುತ್ತಾ ನಿಂತರೆ ಫೈರ್‌ವಾಲ್ ತಡೆದಿರಬಹುದು.

ಮೂರನೆಯದು ಪಟ್ಟಿ. ಯಾವ ಫೋಲ್ಡರು ಯಾವ ಕಂಪ್ಯೂಟರಿಗೆ ಎಂಬುದು ಸರ್ವರ್‌ನ 'ಎಕ್ಸ್‌ಪೋರ್ಟ್ಸ್' ಫೈಲಿನಲ್ಲಿರುತ್ತದೆ. ಇಲ್ಲಿ ಒಂದು ಖಾಲಿ ಜಾಗವೂ ಅಪಾಯ. ಕಂಪ್ಯೂಟರಿನ ವಿಳಾಸಕ್ಕೂ ಅದರ ಮುಂದಿನ ಆವರಣಕ್ಕೂ ನಡುವೆ ಸ್ಪೇಸ್ ಬಿಟ್ಟರೆ, ಆ ಕಂಪ್ಯೂಟರಿಗೆ ಕೊಟ್ಟ ಬರೆಯುವ ಅನುಮತಿ ಅದಕ್ಕೆ ಸಿಗದೆ ಉಳಿದ ಎಲ್ಲರಿಗೂ ಸಿಗುತ್ತದೆ!

ಕೊನೆಯದು ಗುರುತು. ನಮ್ಮ ಉದಾಹರಣೆಯ ತೊಂದರೆ ಹೆಚ್ಚಾಗಿ ಇಲ್ಲೇ ಇರುತ್ತದೆ. ಸಾಮಾನ್ಯ ಎನ್‌ಎಫ್‌ಎಸ್ ವ್ಯವಸ್ಥೆಯಲ್ಲಿ ಸರ್ವರ್ ಅನುಮತಿ ಕೊಡುವುದು ನಿಮ್ಮ ಹೆಸರು ನೋಡಿ ಅಲ್ಲ, ಬಳಕೆದಾರ ಸಂಖ್ಯೆ ನೋಡಿ. ಕೊಳ್ಳೇಗಾಲದ ಕಾಲೇಜಿನಲ್ಲಿ ರೋಲ್ ನಂಬರ್ 12 ಒಬ್ಬರು, ಯಳಂದೂರಿನ ಕಾಲೇಜಿನಲ್ಲಿ 12 ಇನ್ನೊಬ್ಬರು. ಹಾಗೆಯೇ ಒಂದು ಕಂಪ್ಯೂಟರಿನಲ್ಲಿ ನಿಮ್ಮ ಸಂಖ್ಯೆ 1000, ಇನ್ನೊಂದರಲ್ಲಿ 1001 ಆಗಿರಬಹುದು. ಆಗ ನಿಮ್ಮ ಫೈಲಿಗೆ ನೀವೇ ಅಪರಿಚಿತರು. ಎರಡೂ ಕಡೆ 'ಐಡಿ' ಎಂದು ಟೈಪ್ ಮಾಡಿದರೆ ವ್ಯತ್ಯಾಸ ಕಾಣುತ್ತದೆ.

ಇಂಥ ಸಮಯದಲ್ಲಿ ಅನೇಕರು '777' ಅನುಮತಿ ಕೊಟ್ಟು ಫೋಲ್ಡರನ್ನು ಎಲ್ಲರಿಗೂ ತೆರೆದಿಡುತ್ತಾರೆ. ಕೆಲಸವೇನೋ ಆಗುತ್ತದೆ. ಆದರೆ ಯಾರು ಬೇಕಾದರೂ ನಿಮ್ಮ ರೆಕಾರ್ಡ್ ಅಳಿಸಬಹುದು. ಬೀಗ ಮುರಿಯುವುದಕ್ಕಿಂತ ಸರಿಯಾದ ಕೀಲಿ ಹುಡುಕುವುದು ಲೇಸು. ಲ್ಯಾಬ್ ನೋಡಿಕೊಳ್ಳುವ ಉಪನ್ಯಾಸಕರಿಗೆ ಎರಡೂ ಸಂಖ್ಯೆಗಳನ್ನು ತೋರಿಸಿ, ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಸಂಖ್ಯೆ ಮಾಡಿಸಿಕೊಳ್ಳಿ.

ದಾರಿ, ಬಾಗಿಲು, ಪಟ್ಟಿ, ಗುರುತು. ಈ ನಾಲ್ಕನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಳ್ಳಿ.