ಕಡವುಗಳನ್ನು ಪೋಣಿಸಿದ ಹೆದ್ದಾರಿ

ದೊಡ್ಡಬಳ್ಳಾಪುರದ ಬಳಿಯ ರಾಜಘಟ್ಟದಿಂದ ಕಡಲು ನೋಡಲು ಹೊರಟವರು ನೆಲಮಂಗಲ ದಾಟಿ ರಾಷ್ಟ್ರೀಯ ಹೆದ್ದಾರಿ 75 ಹಿಡಿಯುತ್ತಾರೆ. ಹಾಸನ, ಸಕಲೇಶಪುರ ಕಳೆದು ಶಿರಾಡಿ ಘಾಟಿ ಇಳಿದರೆ ಮಂಗಳೂರು. ಅಲ್ಲಿ ಬಲಕ್ಕೆ ಹೊರಳಿದರೆ ಕಾರವಾರದವರೆಗೂ ಹೆದ್ದಾರಿ 66. ಕೆರೆ ನೀರನ್ನೇ ನಂಬಿದ ಬಯಲುಸೀಮೆಯವರಿಗೆ ಈ ದಾರಿಯಲ್ಲಿ ಕಡಲಿಗಿಂತ ಹೆಚ್ಚು ಬೆರಗು ಹುಟ್ಟಿಸುವುದು ಹೊಳೆಗಳ ಸಾಲು: ಫಲ್ಗುಣಿ, ಶಾಂಭವಿ, ಸ್ವರ್ಣಾ, ಸೀತಾ, ಸೌಪರ್ಣಿಕಾ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ.

ಸೇತುವೆಗಳಿಲ್ಲದ ಕಾಲದಲ್ಲಿ ಪ್ರತಿ ಹೊಳೆಯೂ ಒಂದು ಕಡವು. ಬಸ್ಸಿಳಿದು, ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿಯಬೇಕು. ಒಂದೊಂದೇ ಸೇತುವೆ ಎದ್ದಂತೆ ತುಂಡು ದಾರಿಗಳು ಕೂಡಿಕೊಂಡವು. ಕಾಳಿ ನದಿಗೆ ಸೇತುವೆ ಬಂದದ್ದು 1980ರ ದಶಕದಲ್ಲಿ. ಆಗ ಈ ದಾರಿ ಹೆದ್ದಾರಿ 17. 2010ರಲ್ಲಿ ಸಂಖ್ಯೆ 66 ಆಯಿತು.

ಆಮೇಲೆ ಚತುಷ್ಪಥದ ಕೆಲಸ. ಅಗಲಕ್ಕಾಗಿ ಗುಡ್ಡಗಳನ್ನು ಗೋಡೆಯಂತೆ ನೆಟ್ಟಗೆ ಕಡಿದರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ರಸ್ತೆಯನ್ನು ಮುಚ್ಚಿ, ಜನರನ್ನು ಗಂಗಾವಳಿಗೆ ತಳ್ಳಿತು. ಮೂರು ವಾರದಲ್ಲಿ, ಆಗಸ್ಟ್ 7ರ ನಸುಕಿನಲ್ಲಿ, ಕಾಳಿಯ ಹಳೆಯ ಸೇತುವೆಯೂ ಮುರಿದುಬಿತ್ತು. ಇಷ್ಟು ಮಳೆ ಸುರಿಯುವ ನೆಲದಲ್ಲಿ ಗುಡ್ಡದ ಇಳಿಜಾರನ್ನು ಗೌರವಿಸದೆ ರಸ್ತೆ ಮಾಡಬಾರದಿತ್ತು.

ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಎಲ್ಲರೂ ಗಾಡಿ ನಿಲ್ಲಿಸುವ ಜಾಗ. ನನ್ನ ಕೇಳಿದರೆ ಕುಮಟಾ ಬಳಿಯ ಅಘನಾಶಿನಿಯಲ್ಲೂ ನಿಲ್ಲಬೇಕು. ಅಣೆಕಟ್ಟೇ ಇಲ್ಲದೆ ಹರಿದು ಬರುವ ಈ ನದಿ ಘಟ್ಟದ ಸಿಹಿನೀರನ್ನು ಉಬ್ಬರದ ಉಪ್ಪುನೀರಿಗೆ ಬೆರೆಸುತ್ತದೆ. ಆ ಬೆರಕೆಯಲ್ಲೇ ಕಾಂಡ್ಲಾ ಗಿಡಗಳು ಬೇರೂರುತ್ತವೆ, ಸಿಗಡಿ, ಏಡಿ, ಮೀನಿನ ಮರಿಗಳು ಬೆಳೆಯುತ್ತವೆ. ಇಳಿತದ ಹೊತ್ತಿಗೆ ಜನ ಕೆಸರಿಗಿಳಿದು ಚಿಪ್ಪಿ ಆರಿಸುತ್ತಾರೆ, ಪಕ್ಕದಲ್ಲೇ ಬೆಳ್ಳಕ್ಕಿಗಳೂ ಹೆಕ್ಕುತ್ತಿರುತ್ತವೆ. ಅಳಿವೆಯಂಚಿನ ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಗಳ ರಾಮ್ಸಾರ್ ಪಟ್ಟಿ ಸೇರಿತು.

ಇದೇ ದಾರಿಯ ಹೊನ್ನಾವರದಲ್ಲಿ, ಕಾಸರಕೋಡು ಟೊಂಕದ ಮರಳಿಗೆ ಚಳಿಗಾಲದಿಂದ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮರಿಗಳು ಹೊರಬರಲು ಒಂದೂವರೆ, ಎರಡು ತಿಂಗಳು ಬೇಕು. ರಾತ್ರಿ ದಡದಲ್ಲಿ ದೀಪ ಉರಿದರೆ ಅವು ನೀರಿನ ದಿಕ್ಕು ತಪ್ಪುತ್ತವೆ. ಅದೇ ದಂಡೆಯಲ್ಲಿ ಬಂದರಿಗೆಂದು ಹೊಸ ರಸ್ತೆ ಹಾಕಲು ಹೊರಟಾಗ ಅಡ್ಡ ನಿಂತವರು ಅಲ್ಲಿನ ಮೀನುಗಾರರು.