ಎರಡೆಕರೆ ಹನ್ನೆರಡು ಗುಂಟೆ

ಬಾಂದುಕಲ್ಲು ಇರಬೇಕಾಗಿದ್ದ ಸ್ಥಳದಲ್ಲಿ ಒಂದು ಜಾಲಿಯ ಗಿಡ ಬೆಳೆದು ನಿಂತಿತ್ತು. ಅದನ್ನು ಸುತ್ತುವರಿದು ನಿಂತವರು ನಾವು ಐವರು: ಪರವಾನಗಿ ಪಡೆದ ಭೂಮಾಪಕ, ಅವನ ಯಂತ್ರವನ್ನು ಹೊತ್ತ ಹುಡುಗ, ಜಮೀನನ್ನು ಮಾರಲಿದ್ದ ಗೌಡರು, ಅದನ್ನು ಕೊಳ್ಳಲಿದ್ದ ನಾನು, ಮತ್ತು ಈ ವ್ಯವಹಾರದಲ್ಲಿ ಯಾವ ಭಾಗವೂ ಇಲ್ಲದಿದ್ದರೂ ಎಲ್ಲರಿಗಿಂತ ಮೊದಲೇ ಬಂದು ಬದುವಿನ ಮೇಲೆ ಕುಳಿತಿದ್ದ ಪಕ್ಕದ ಹೊಲದ ಯಜಮಾನರು. ಕಲ್ಲು ಇಲ್ಲಿಯೇ ಇತ್ತು, ತಮ್ಮ ತಂದೆ ಕೈಹಿಡಿದು ಕರೆತಂದು ತೋರಿಸಿದ್ದರು ಎಂದು ಗೌಡರು ಹೇಳಿದರು. ಕಲ್ಲೇನೋ ಇದ್ದದ್ದು ದಿಟ, ಆದರೆ ಅದು ಬಾಂದುಕಲ್ಲಲ್ಲ, ಆ ಪುಣ್ಯಾತ್ಮರು ಕುಳಿತು ಚುಟ್ಟಾ ಸೇದುತ್ತಿದ್ದ ಗುಂಡುಕಲ್ಲು ಎಂದು ಯಜಮಾನರು ಹೇಳಿದರು. ಬಿಸಿಲೇರುವ ಹೊತ್ತಿಗೆ ಅಳತೆ ಮುಗಿದು, ಪಹಣಿಯಲ್ಲಿ ಎರಡೆಕರೆ ಹನ್ನೆರಡು ಗುಂಟೆಯಾಗಿದ್ದ ಭೂಮಿಯು ನೆಲದ ಮೇಲೆ ಎರಡೆಕರೆ ಐದು ಗುಂಟೆಯಾಗಿ ನಿಂತಿತು. ಗುಂಟೆಯೆಂದರೆ 33 ಅಡಿಯ ಸರಪಳಿಯ ಒಂದು ಚದರ, ಅಂದರೆ 1,089 ಚದರಡಿ. ಅಂಥ ನಲವತ್ತು ಸೇರಿದರೆ ಒಂದು ಎಕರೆ. ಕಾಣೆಯಾದ ಏಳು ಗುಂಟೆಯಲ್ಲಿ ಪಟ್ಟಣದವರು ಆರು ನಿವೇಶನಗಳನ್ನು ಮಾಡಿ ಮಾರಿಬಿಡುತ್ತಾರೆ.

ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದ ಮೇಷ್ಟರಿಗೆ ಮಣ್ಣಿನ ಹಂಬಲ ಏಕೆ ಹುಟ್ಟಬೇಕೆಂದು ಮನೆಯಲ್ಲಿ ಕೇಳಿದ್ದರು. ಉತ್ತರ ನನ್ನಲ್ಲಿಯೂ ಇರಲಿಲ್ಲ. ದಾವಣಗೆರೆಯಿಂದ ಹೊರಟು ಬೆಳಗಿನ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳುವಷ್ಟು ದೂರದಲ್ಲಿ ಎರಡೆಕರೆ ಸಾಕು ಎಂಬ ಸಂಕಲ್ಪದೊಡನೆ, 2024ರ ದೀಪಾವಳಿ ಕಳೆದ ಮೇಲೆ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ತಾಲ್ಲೂಕುಗಳನ್ನು ಸುತ್ತತೊಡಗಿದೆನು. ಚನ್ನಗಿರಿಯ ಕಡೆ ಭದ್ರಾ ನಾಲೆಯ ನೀರೂ ಅಡಕೆಯ ಧಾರಣೆಯೂ ಕೈಕೈ ಹಿಡಿದು ಭೂಮಿಯನ್ನು ನನ್ನಂಥವನ ಕೈಗೆ ಎಟುಕದಷ್ಟು ಎತ್ತರಕ್ಕೆ ಒಯ್ದಿದ್ದವು. ಪಹಣಿಯಲ್ಲಿ ಖುಷ್ಕಿಯೆಂದು ನಿಶ್ಚಿಂತವಾಗಿ ಬರೆದಿದ್ದ ಹೊಲದಲ್ಲಿ ಹದಿನೈದು ವರ್ಷದ ಅಡಕೆ ಮರಗಳು ಗೊನೆ ಬಿಟ್ಟು ನಿಂತಿದ್ದುದನ್ನು ನಾನೇ ಕಂಡಿದ್ದೇನೆ. ಸೂಳೆಕೆರೆಯ ಅಂಚಿನಲ್ಲೊಂದು ರಮ್ಯವಾದ ತುಂಡು ತೋರಿಸಿದರು. ಅದರಲ್ಲಿ ಕೆರೆಯದೆಷ್ಟು, ಮಾರುವವನದೆಷ್ಟು ಎಂದು ಕೇಳಿದ್ದಕ್ಕೆ ದಲ್ಲಾಳಿಯು ಆಕಾಶವನ್ನು ನೋಡಿದನು. ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಯ ಗದ್ದೆಗಳನ್ನು ಮಾರುವವರೇ ವಿರಳ. ನ್ಯಾಮತಿಯಲ್ಲಿ ಸುರಹೊನ್ನೆಯಿಂದ ಬೆಳಗುತ್ತಿಯವರೆಗೆ ಅಲೆದೆನು. ಜಗಳೂರಿನಲ್ಲಾದರೆ ಮಳೆಯನ್ನೇ ನಂಬಿದ ಕೆಂಪುನೆಲ ಅಗ್ಗಕ್ಕೆ ದೊರೆತೀತೆಂದು ಹೋದರೆ, ಭದ್ರಾ ಮೇಲ್ದಂಡೆ ಯೋಜನೆಗೆ ಕೇಂದ್ರವು 2023-24ರ ಮುಂಗಡಪತ್ರದಲ್ಲಿ 5,300 ಕೋಟಿ ರೂಪಾಯಿ ಘೋಷಿಸಿದ ವಾರ್ತೆಯು ಹೊಲಹೊಲಕ್ಕೂ ತಲುಪಿತ್ತು. ನೀರು ಬರುವುದಕ್ಕೆ ಮೊದಲೇ ಬೆಲೆ ಬಂದಿತ್ತು.

ಕೊನೆಗೆ ಈ ನಾಲ್ಕರಲ್ಲೊಂದು ತಾಲ್ಲೂಕಿನಲ್ಲಿ, ಯಾವುದೆಂದು ಹೇಳದಿರುವುದೇ ಎಲ್ಲರ ಕ್ಷೇಮಕ್ಕೆ ಉಚಿತ, ಮೆಕ್ಕೆಜೋಳದ ಒಂದು ಹೊಲವು ಮನಸ್ಸಿಗೆ ಬಂದು, ಮುಂಗಡ ಕೊಟ್ಟು ಕರಾರು ಮಾಡಿಕೊಂಡದ್ದಾಯಿತು.

ಐದಾರು ವರ್ಷ ಹಿಂದೆ ಆಗಿದ್ದರೆ ನನ್ನ ಪ್ರಯಾಣ ಬಾಗಿಲಲ್ಲಿಯೇ ನಿಲ್ಲುತ್ತಿತ್ತು. 1961ರ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳು ಕೃಷಿಕನಲ್ಲದವನು ಕೃಷಿಭೂಮಿ ಕೊಳ್ಳುವುದನ್ನು ತಡೆದಿದ್ದವು. 2020ರ ತಿದ್ದುಪಡಿ ಅವನ್ನು ಕಿತ್ತುಹಾಕಿತು. ರೈತಸಂಘಟನೆಗಳು ಅದನ್ನು ವಿರೋಧಿಸಿ ಬೀದಿಗಿಳಿದಾಗ ನಾನೂ ತಲೆದೂಗಿದವನೇ. ಅದೇ ತಿದ್ದುಪಡಿಯ ಫಲವನ್ನು ಉಣ್ಣಲು ಹೊರಟವನಾದ್ದರಿಂದ ಈ ವಿಷಯದಲ್ಲಿ ಹೆಚ್ಚು ಮಾತನಾಡುವ ಅಧಿಕಾರ ನನಗಿಲ್ಲ.

ಜಮೀನಿನ ಪೂರ್ವೋತ್ತರವನ್ನು ಶೋಧಿಸಲು ತೊಡಗಿದ ಮೇಲೆ ನನಗೆ ತಿಳಿದ ಮೊದಲ ಸಂಗತಿಯೆಂದರೆ, ಈ ಸೀಮೆಯಲ್ಲಿ ಭೂಮಿಯು ಇದ್ದಲ್ಲಿಯೇ ಇದ್ದರೂ ಅದರ ಕಾಗದಗಳು ಜಿಲ್ಲೆಯಿಂದ ಜಿಲ್ಲೆಗೆ ವಲಸೆ ಹೋಗಿವೆ ಎಂಬುದು. ಜೆ.ಎಚ್. ಪಟೇಲರು ಮುಖ್ಯಮಂತ್ರಿಗಳಾಗಿದ್ದಾಗ, 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಉದಯಿಸಿತು. ಪಟೇಲರ ಸ್ವಂತ ಊರು ಕಾರಿಗನೂರನ್ನು ಒಳಗೊಂಡ ಚನ್ನಗಿರಿಯೂ ಹೊನ್ನಾಳಿಯೂ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂದಿತು. ನ್ಯಾಮತಿಯಂತೂ 2018ರವರೆಗೆ ಹೊನ್ನಾಳಿಯ ಹೋಬಳಿಯಾಗಿದ್ದು ಅನಂತರ ಸ್ವತಂತ್ರ ತಾಲ್ಲೂಕಾದದ್ದು. ಆದ್ದರಿಂದ ಇಂದು ನ್ಯಾಮತಿಯ ಹೊಲವೊಂದನ್ನು ಕೊಳ್ಳಬಯಸುವವನು, ಅಜ್ಜನ ಕಾಲದ ಒಂದು ಆದೇಶದ ನಕಲಿಗಾಗಿ ನ್ಯಾಮತಿಯಲ್ಲಿ ವಿಚಾರಿಸಿ, ಹೊನ್ನಾಳಿಯ ದಫ್ತರವನ್ನು ನೋಡಿ, ದಾವಣಗೆರೆಯಲ್ಲಿ ಕೇಳಿ, ಶಿವಮೊಗ್ಗದ ಬಾಗಿಲನ್ನೂ ತಟ್ಟಬೇಕಾದ ಪ್ರಸಂಗ ಬರುವುದುಂಟು. ಹೊಸ ಜಿಲ್ಲೆಗೆ ಹಾರ ತುರಾಯಿಗಳೊಡನೆ ಅಧಿಕಾರಿಗಳು ಬಂದರು. ಬಟ್ಟೆಯ ಗಂಟುಗಳಲ್ಲಿದ್ದ ಕಡತಗಳು ತಮ್ಮ ಸಾವಕಾಶದಲ್ಲಿ ಬಂದವು, ಕೆಲವು ಬರಲೇ ಇಲ್ಲ.

ಆ ಕಡತಗಳ ಬೇರು ಇನ್ನೂ ಆಳದಲ್ಲಿದೆ. ಮೈಸೂರು ಸೀಮೆಯಲ್ಲಿ ಮುಂಬಯಿಯ ಪದ್ಧತಿಯಂತೆ ರೆವಿನ್ಯೂ ಸರ್ವೆ ಆರಂಭವಾದದ್ದು 1863ರಲ್ಲಿ, ಬೌರಿಂಗ್ ಸಾಹೇಬನು ಕಮಿಷನರನಾಗಿದ್ದಾಗ. ಸರಪಳಿಯನ್ನು ಹದಿನಾರು ಆಣೆಗಳಾಗಿ ಭಾಗಿಸಿ, ಎತ್ತಿನ ಗಾಡಿಯಲ್ಲಿ ತಿರುಗಾಡಿ, ಪ್ರತಿ ಹೊಲದ ಟಿಪ್ಪಣಿಯನ್ನು ಬರೆದಿಟ್ಟ ಆ ಅಳತೆಗಾರರ ಶ್ರಮಕ್ಕೆ ನಾನು ಕೈಮುಗಿಯುತ್ತೇನೆ. ಈಗ ಭೂಮಾಪಕನ ಕೈಯಲ್ಲಿ ಉಪಗ್ರಹದೊಡನೆ ಮಾತನಾಡುವ ಯಂತ್ರವಿದೆ. ಆದರೂ ಅವನು ಹುಡುಕುವುದು ಅದೇ ಟಿಪ್ಪಣಿಯನ್ನು, ಅಂಚು ಮುರಿದ ಅದೇ ಹಳದಿ ಹಾಳೆಯನ್ನು. ನನ್ನ ಏಳು ಗುಂಟೆಯ ರಹಸ್ಯವೂ ಅಲ್ಲಿಯೇ ಅಡಗಿತ್ತು: ಹಿಂದೊಂದು ಕಾಲದಲ್ಲಿ ಹೊಲದ ಮಧ್ಯೆ ಹರಿಯುತ್ತಿದ್ದ ಹಳ್ಳವನ್ನು ‘ಬ ಖರಾಬು’ ಎಂದು, ಅಂದರೆ ಸಾರ್ವಜನಿಕ ಉಪಯೋಗದ್ದು, ಯಾರೂ ಮಾರತಕ್ಕದ್ದಲ್ಲವೆಂದು, ಆಕಾರಬಂದಿನಲ್ಲಿ ಕಳೆದಿದ್ದರು, ಮುಂದೆ ಯಾರೋ ಪಹಣಿ ಬರೆಯುವಾಗ ಕಳೆಯಲು ಮರೆತರು, ಭೂಮಿ ಯೋಜನೆಯಲ್ಲಿ ಪಹಣಿಗಳೆಲ್ಲ ಗಣಕಯಂತ್ರಕ್ಕೆ ಏರಿದಾಗ ಆ ಮರೆವೂ ಶ್ರದ್ಧೆಯಿಂದ ಏರಿತು. ಹಳ್ಳವು ಬತ್ತಿ ಮೂರು ತಲೆಮಾರು ಕಳೆದಿದೆ.

ಈ ಅಲೆದಾಟದಲ್ಲಿ ನನಗೊಂದು ವಿವೇಚನೆ ಮೂಡಿತು. ಭೂಮಿಯ ವ್ಯವಹಾರದಲ್ಲಿ ಆಗುವ ತಡಗಳೆಲ್ಲ ಒಂದೇ ಜಾತಿಯವಲ್ಲ. 1974ರ ಮಾರ್ಚ್ 1ರಂದು ಗೇಣಿದಾರರಿಂದ ಸಾಗುವಳಿಯಾಗುತ್ತಿದ್ದ ಭೂಮಿ ಸರ್ಕಾರಕ್ಕೆ ಸೇರಿ, ಉಳುವವನು ನಮೂನೆ ಏಳರ ಅರ್ಜಿ ಕೊಟ್ಟು ಒಡೆಯನಾದನು. ಹಾಗೆ ಆತನಿಗೆ ಬಂದದ್ದನ್ನು ಕೊಳ್ಳುವವನು ಆ ಭೂ ನ್ಯಾಯಮಂಡಳಿಯ ಆದೇಶವನ್ನು ನೋಡದೆ ಇರಲಾಗದು. ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಪೂರ್ವಾನುಮತಿಯಿಲ್ಲದೆ ಕೊಂಡರೆ ಆ ಕ್ರಯವು ಅಸಿಂಧುವೆಂದು 1978ರ ಕಾಯಿದೆ ಹೇಳುತ್ತದೆ. ತಡವಾಗಿ ಹೂಡಿದ ದಾವೆಗಳನ್ನು ನ್ಯಾಯಾಲಯಗಳು ತಳ್ಳಿಹಾಕತೊಡಗಿದಾಗ, ಕಾಲಮಿತಿಯ ಬಾಧೆ ಇರಬಾರದೆಂದು 2023ರಲ್ಲಿ ವಿಧಾನಮಂಡಲ ಪುನಃ ತಿದ್ದಿತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕರ್ನಾಟಕದಲ್ಲಿ 1994ರಲ್ಲಿಯೂ ದೇಶಕ್ಕೆಲ್ಲ 2005ರಲ್ಲಿಯೂ ಬಂದಿತು. ತಂದೆ ಬದುಕಿದ್ದರೂ ತೀರಿಹೋಗಿದ್ದರೂ ಆ ಹಕ್ಕು ಹುಟ್ಟಿನಿಂದಲೇ ಉಂಟೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಗೊಳಿಸಿತು. ಇವುಗಳಿಂದ ಕೊಳ್ಳುವವನಿಗೆ ಮೂರು ತಿಂಗಳು ಹೋಗಲಿ, ಮೂರು ವರ್ಷ ಹೋಗಲಿ, ಅದನ್ನು ವಿಳಂಬವೆಂದು ಗೊಣಗುವುದಕ್ಕೆ ನನ್ನ ನಾಲಿಗೆ ಏಳುವುದಿಲ್ಲ. ಒಬ್ಬನ ಅವಸರಕ್ಕೆ ಇನ್ನೊಬ್ಬರ ನ್ಯಾಯ ಅಡ್ಡ ನಿಂತಿರುತ್ತದೆ, ಅಷ್ಟೆ.

ಗೌಡರ ತಂಗಿಯ ವಿಷಯದಲ್ಲಿ ಆದದ್ದು ಇದೇ. ವಂಶವೃಕ್ಷದಲ್ಲಿ ಆಕೆಯ ಹೆಸರಿತ್ತು, ಕರಾರಿನಲ್ಲಿ ಸಹಿಯಿರಲಿಲ್ಲ. ಕಡೂರು ಸೀಮೆಯ ಹಳ್ಳಿಯೊಂದಕ್ಕೆ ಕೊಟ್ಟ ಆಕೆಯನ್ನು ಅಣ್ಣ ಫೋನಿನಲ್ಲಿ ಕರೆದನು, ಅತ್ತಿಗೆ ಕರೆದಳು, ಪತ್ರಬರಹಗಾರನೂ ಒಮ್ಮೆ ಕರೆದನು, ಆಕೆ ಬರಲಿಲ್ಲ. ಆಷಾಢದಲ್ಲಿ ಬೇಡವೆಂದು ಗೌಡರೇ ತಡೆದರು. ಶ್ರಾವಣ ಹಾಗೆಯೇ ಕಳೆಯಿತು. ಗಣಪತಿ ಹಬ್ಬದ ಹಿಂದೆಯೇ, 2025ರ ಆಗಸ್ಟ್ 31ರಿಂದ, ಸರ್ಕಾರವು ನೋಂದಣಿ ಶುಲ್ಕವನ್ನು ಶೇಕಡಾ ಒಂದರಿಂದ ಎರಡಕ್ಕೆ ಏರಿಸಿತು. ಅನಂತರ ಪಿತೃಪಕ್ಷ. ಕಡೆಗೆ ನಾನೇ ಗೌಡರನ್ನು ಹೊರಡಿಸಿಕೊಂಡು ಆ ಹಳ್ಳಿಗೆ ಹೋದೆನು. ಆಕೆ ಅಂಗಳದಲ್ಲಿ ಅಡಕೆ ಸುಲಿಯುತ್ತಿದ್ದಳು. ಅಣ್ಣನ ಮುಖವನ್ನು ನೋಡಲಿಲ್ಲ, ನನ್ನ ಕಡೆಗೆ ತಿರುಗಿ, “ನೋಡ್ರಿ ಮೇಷ್ಟ್ರೇ, ನಮ್ಮವ್ವ ಸತ್ತ ಮ್ಯಾಲೆ ಹನ್ನೊಂದು ವರ್ಷ ಆತು. ಒಂದು ಪಂಚಮಿಗೆ ಕರೀಲಿಲ್ಲ. ಈಗ ಹೆಬ್ಬೆಟ್ಟಿಗೆ ಕರೀತಾನೆ” ಎಂದಳು. ಹಣದ ಮಾತೆತ್ತಿದರೆ ಬೇಡವೆಂದಳು. ಗೌಡರು ಜಗುಲಿಯ ಕಂಬಕ್ಕೆ ಒರಗಿ ನೆಲ ನೋಡುತ್ತ ನಿಂತಿದ್ದರು. ಬಹಳ ಹೊತ್ತಿನ ಮೇಲೆ, “ದೀಪಾವಳಿಗೆ ಬಾರವ್ವ, ಮಕ್ಕಳನ್ನೂ ಕರ್ಕೊಂಡು ಬಾ” ಎಂದರು. ಆಕೆ ಬಂದಳು, ಮೂರು ದಿನ ಇದ್ದಳು, ನಾಲ್ಕನೆಯ ದಿನ ಕರಾರು ಪತ್ರಕ್ಕೆ ತನ್ನ ಪಾಲಿನ ಮೊತ್ತವನ್ನು ಸ್ಪಷ್ಟವಾಗಿ ಬರೆಸಿ ಸಹಿ ಮಾಡಿದಳು. ಹೆಬ್ಬೆಟ್ಟಲ್ಲ, ದುಂಡನೆಯ ಅಕ್ಷರದ ಸಹಿ.

ಇನ್ನೊಂದು ಜಾತಿಯ ತಡಗಳಿವೆ. ಅವುಗಳ ಹಿಂದೆ ಯಾರ ನ್ಯಾಯವೂ ಇಲ್ಲ. 2025ರ ಜನವರಿಯಲ್ಲಿ ನಾನು ಋಣಭಾರ ಪತ್ರಕ್ಕೆ ಅರ್ಜಿ ಹಾಕಿದ ಕಾಲದಲ್ಲಿಯೇ ಕಾವೇರಿ ತಂತ್ರಾಂಶದ ಮೇಲೆ ದುಷ್ಕರ್ಮಿಗಳು ಸುಳ್ಳು ಕೋರಿಕೆಗಳ ಮಳೆಗರೆದು, ರಾಜ್ಯದಾದ್ಯಂತ ನೋಂದಣಿಯ ಕೆಲಸ ಕುಸಿಯಿತು. ಅದು ಆಕಸ್ಮಿಕವೆನ್ನೋಣ. ಆದರೆ ಪಹಣಿಯಲ್ಲಿ ‘ಹಾಲಪ್ಪ’ನಾಗಿರುವವನು ಆಧಾರಿನಲ್ಲಿ ‘ಹಾಲೇಶಪ್ಪ’ನಾಗಿದ್ದರೆ ಅವರಿಬ್ಬರೂ ಒಬ್ಬನೇ ಎಂದು ಊರಿಗೆ ಊರೇ ಬಲ್ಲದ್ದನ್ನು ಕಚೇರಿಗೆ ತಿಳಿಯಪಡಿಸಲು ಪ್ರಮಾಣಪತ್ರ, ಮಹಜರು, ಪುನಃ ಅರ್ಜಿ. ಸರ್ವೆ ನಂಬರಿನ ಒಂದು ಭಾಗವನ್ನು ಮಾರುವಾಗ ಕಡ್ಡಾಯವಾದ ಹನ್ನೊಂದು ಇ ನಕ್ಷೆಗೆ ಹಣ ಕಟ್ಟಿದ ಮೇಲೆ ಭೂಮಾಪಕನ ಸರದಿ ಬರುವವರೆಗೆ ಕಾಯುವುದು. ಒಂದು ಕಚೇರಿಯಲ್ಲಂತೂ ಕಿಟಕಿಯ ಆಚೆಗಿದ್ದ ತರುಣನು ನಾನು ಹೋದಾಗಲೆಲ್ಲ ತಲೆಯೆತ್ತದೆ “ಸರ್ವರ್ ಇಲ್ಲ” ಎನ್ನುತ್ತಿದ್ದನು. ಮೊದಮೊದಲು ಅದು ಯಾರೋ ಅಧಿಕಾರಿಯ ಹೆಸರೆಂದು ಭಾವಿಸಿದ್ದ ಮುದುಕಿಯೊಬ್ಬಳು, ಆತನು ಎಷ್ಟು ಹೊತ್ತಿಗೆ ಬಂದಾನೆಂದು ನನ್ನನ್ನೇ ಕೇಳಿದ್ದಳು.

ಇಂಥ ಹೊತ್ತಿನಲ್ಲಿ ದಲ್ಲಾಳಿಯ ಬುದ್ಧಿವಾದ ಕಿವಿಗೆ ಇಂಪಾಗುತ್ತದೆ. “ಇಷ್ಟೆಲ್ಲ ಯಾಕೆ ಸಾರ್, ಒಂದು ಜಿಪಿಎ ಬರೆಸ್ಕೊಂಡುಬಿಡಿ” ಎಂದನವನು. ಅಧಿಕಾರಪತ್ರದ ಮೂಲಕ ಮಾಡಿಕೊಂಡ ಮಾರಾಟವು ಮಾರಾಟವೇ ಅಲ್ಲವೆಂದು 2011ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಹೇಳಿರುವುದನ್ನು ತಿಳಿಸಿದೆನು. ಅವನಿಗೆ ಅದರಿಂದ ನಿರಾಶೆಯಾದಂತೆ ಕಾಣಲಿಲ್ಲ. ವಾಸ್ತವವಾಗಿ ಮೂಲದೋಷ ಇನ್ನೂ ಕೆಳಗಿದೆ. ದಕ್ಷಿಣ ಆಸ್ಟ್ರೇಲಿಯದಲ್ಲಿ ಟೊರೆನ್ಸ್ ಎಂಬವನು 1858ರಲ್ಲಿ ರೂಢಿಗೆ ತಂದ ಪದ್ಧತಿಯಲ್ಲಿ ಸರ್ಕಾರದ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಒಡೆಯನು, ಅದಕ್ಕೆ ಸರ್ಕಾರವೇ ಹೊಣೆ. ನಮ್ಮ 1908ರ ನೋಂದಣಿ ಕಾಯಿದೆಯಲ್ಲಿ ನೋಂದಣಿಯಾಗುವುದು ಪತ್ರ, ಒಡೆತನವಲ್ಲ. ಉಪನೋಂದಣಾಧಿಕಾರಿಯು ಇಬ್ಬರು ಬಂದು ಸಹಿ ಮಾಡಿದರೆಂದು ಸಾಕ್ಷಿ ನುಡಿಯುತ್ತಾನೆ, ಮಾರಿದವನಿಗೆ ಮಾರುವ ಹಕ್ಕಿತ್ತೆಂದು ನುಡಿಯುವುದಿಲ್ಲ. ಆ ಹಕ್ಕನ್ನು ಶೋಧಿಸುವ ಭಾರ ಕೊಳ್ಳುವವನ ತಲೆಯ ಮೇಲೆ. ಆದ್ದರಿಂದಲೇ ನನ್ನಂಥ ಸಾಮಾನ್ಯನು ಅರವತ್ತರ ಪ್ರಾಯದಲ್ಲಿ ಆಕಾರಬಂದು, ಪೋಡಿ, ಪೌತಿ ಖಾತೆ, ಚಕ್ಕುಬಂದಿ ಮೊದಲಾದ ಶಾಸ್ತ್ರಗಳನ್ನು ಅಭ್ಯಾಸ ಮಾಡಬೇಕಾಗಿ ಬಂದದ್ದು.

ತಂಗಿಯ ಸಹಿಯಾದ ಮೇಲೆ ಇನ್ನೇನೂ ಉಳಿದಿಲ್ಲವೆಂದುಕೊಂಡಿದ್ದೆನು. ಪಹಣಿಯ ಹನ್ನೊಂದನೆಯ ಕಲಮಿನಲ್ಲಿ ಒಂದು ಬೋಜಾ ಉಳಿದಿತ್ತು. ಸಾಲ ಗೌಡರದಲ್ಲ, ಅದೇ ಸರ್ವೆ ನಂಬರಿನ ಇನ್ನೊಂದು ಪಾಲಿನ ದಾಯಾದಿಯದು. ಪೋಡಿಯಾಗಿ ಪಹಣಿ ಬೇರೆಯಾಗಿಲ್ಲವಾದ್ದರಿಂದ ಅವನ ಋಣ ಇವರ ಹೆಸರಿನ ಮಗ್ಗುಲಲ್ಲಿಯೂ ಕುಳಿತಿದೆ. ಫಸಲು ಬಂದ ಮೇಲೆ ತೀರಿಸುತ್ತೇನೆಂದು ಆತ ಹೇಳಿದ್ದಾನೆ. ಹೇಳುವ ರೀತಿಯಲ್ಲಿ ಸೌಜನ್ಯಕ್ಕೇನೂ ಕೊರತೆಯಿಲ್ಲ.

ಈ ಸಲದ ಮುಂಗಾರು ಇಳಿದ ಮಾರನೆಯ ಬೆಳಗ್ಗೆ ಗೌಡರ ಫೋನು ಬಂದಿತು. ಹಿನ್ನೆಲೆಯಲ್ಲಿ ಎತ್ತಿನ ಗಂಟೆ ಕೇಳುತ್ತಿತ್ತು, ಅಥವಾ ನನಗೆ ಹಾಗೆ ಕೇಳಿಸಿತು.

“ಮೇಷ್ಟ್ರೇ, ಹದ ಆಗೈತಿ. ಜೋಳ ಊರ್ಲಾ, ಹೆಂಗೆ? ಹೊಲ ನಿಮ್ಮದೋ ನಮ್ಮದೋ ತಿಳೀವಲ್ದು.”

“ಊರಿ ಗೌಡ್ರೇ” ಎಂದೆನು.

“ಹಳ್ಳದ ಜಾಗಾನೂ ಸೇರಿಸಿ ಊರ್ತೀನಿ, ಏನಂತೀರಿ?”

ಏಳು ಗುಂಟೆಯ ನೆನಪಾಗಿ, ಒಂದು ಕ್ಷಣ ತಡೆದು, ಅದಕ್ಕೂ ಹೂಂ ಎಂದೆನು.