ಮುದ್ದೆ ಸಪ್ಪೆ, ಸಾರು ಹದ

ಭಾನುವಾರ ಬೆಳಕು ಹರಿಯುವ ಮೊದಲೇ ಹೊಸಕೋಟೆಯಲ್ಲಿ ದಮ್ ಬಿರಿಯಾನಿಗೆ ಸಾಲು ನಿಲ್ಲುತ್ತದೆ. ಬೆಂಗಳೂರಿನಿಂದಲೂ ಜನ ಬರುತ್ತಾರೆ. ಅಲ್ಲಿನ ಮನೆಗಳಲ್ಲಿ ಮುದ್ದೆ, ಉಪ್ಪುಸಾರು, ಪಕ್ಕಕ್ಕೆ ಉಪ್ಪಿನಕಾಯಿ. ಇವುಗಳಲ್ಲಿ ಎರಡರ ಹೆಸರಲ್ಲೇ ಉಪ್ಪಿದೆ!

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ, ಉಪ್ಪು ಸಾಕು. ಹಪ್ಪಳ, ಚಿಪ್ಸ್, ಬೇಕರಿ ತಿನಿಸಿನ ಉಪ್ಪೂ ಈ ಲೆಕ್ಕಕ್ಕೇ ಸೇರುತ್ತದೆ. ಹೆಚ್ಚಾದ ಸೋಡಿಯಂ ದೇಹದಲ್ಲಿ ನೀರು ಹಿಡಿದಿಟ್ಟು ರಕ್ತದೊತ್ತಡ ಏರಿಸುತ್ತದೆ; ಪಾರ್ಶ್ವವಾಯು, ಹೃದ್ರೋಗಕ್ಕೆ ದಾರಿಯಾಗುತ್ತದೆ.

ಮನೆಯಲ್ಲೇ ಅಳೆಯಬಹುದು. ನಾಲ್ಕು ಮಂದಿ ವಯಸ್ಕರ ಸಂಸಾರಕ್ಕೆ ಒಂದು ಕಿಲೋ ಪೊಟ್ಟಣ ಕನಿಷ್ಠ 50 ದಿನ ಬರಬೇಕು. ತಿಂಗಳಿಗೇ ಮುಗಿದರೆ ಕೈ ಬಿಗಿಹಿಡಿಯಬೇಕು.

ದಾರಿ ನಮ್ಮ ಅಡುಗೆಯಲ್ಲೇ ಇದೆ. ಅನೇಕ ಮನೆಗಳಲ್ಲಿ ಮುದ್ದೆಗೆ ಉಪ್ಪು ಹಾಕುವುದಿಲ್ಲ, ರುಚಿಯೆಲ್ಲ ಸಾರಿನದು. ಅನ್ನ, ಚಪಾತಿಗೂ ಅದೇ ಸಾಕು. ಸಾರಿಗೆ ಹುಣಸೆ, ಬೆಳ್ಳುಳ್ಳಿ, ಜೀರಿಗೆ, ಪಲ್ಯಕ್ಕೆ ನಿಂಬೆರಸ ಮುಂದಾದರೆ ಉಪ್ಪು ತಗ್ಗಿದ್ದು ಗೊತ್ತಾಗದು. ಕೆಲವೇ ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಸೋಡಿಯಂ ಕಡಿಮೆಯಿರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು. ಎಲ್ಲರೂ ಇವತ್ತೇ ಊಟದ ಜಾಗದಿಂದ ಉಪ್ಪಿನ ಬಟ್ಟಲನ್ನು ತೆಗೆದಿಡಿ.